ಬಸಿರು, ಹೆರಿಗೆ, ಬಾಣಂತನ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಬಸುರಿಯರಷ್ಟೇ ಅಲ್ಲ, ಅವರ ತಾಯಂದಿರು, ಅತ್ತೆಯಂದಿರು, ಗಂಡಂದಿರು ಕೂಡ ಕೇಳುತ್ತಾರೆ. ಹಾಗಾಗಿ ಉತ್ತರಗಳನ್ನು ಇಡೀ ಮನೆಗೆ ಬರೆದಿದ್ದೇನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೂ 2018–20ರ ಅವಧಿಯಲ್ಲಿ ನಮ್ಮಲ್ಲಿ ಪ್ರತಿ ಲಕ್ಷ ಜನನಕ್ಕೆ 69 ತಾಯಂದಿರು ತೀರಿಕೊಂಡರು. ಪಕ್ಕದ ಕೇರಳದಲ್ಲಿ ಆ ಸಂಖ್ಯೆ 19. ಆಸ್ಪತ್ರೆಯ ಬಾಗಿಲು ತಲುಪಿದರೆ ಸಾಲದು, ಸರಿಯಾದ ಹೊತ್ತಿಗೆ ತಲುಪಬೇಕು. ಹೆರಿಗೆಯಾಗಿ ಮನೆಗೆ ಬಂದ ಮೇಲೂ ತಾಯಿಯ ಮೇಲೆ ಕಣ್ಣಿಟ್ಟಿರಬೇಕು. ಇಲ್ಲಿ ಬರೆದದ್ದು ವೈದ್ಯರ ತಪಾಸಣೆಗೆ ಬದಲಿಯಲ್ಲ. ಯಾವಾಗ ತಡಮಾಡಬಾರದು ಎಂಬುದನ್ನು ತಿಳಿದುಕೊಳ್ಳಲು ಇದನ್ನು ಓದಿ.

ತಾಯಿ ಕಾರ್ಡ್ ಯಾವಾಗ ಮಾಡಿಸಬೇಕು?

ಮುಟ್ಟು ನಿಂತದ್ದು ಖಚಿತವಾದ ಕೂಡಲೇ, ಹನ್ನೆರಡು ವಾರ ತುಂಬುವುದರೊಳಗೆ. ಮೂರು ತಿಂಗಳಾಗುವ ತನಕ ಯಾರಿಗೂ ಹೇಳಬಾರದು ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ನೆಂಟರಿಗೆ ಹೇಳದಿದ್ದರೂ ಆಶಾ ಕಾರ್ಯಕರ್ತೆಗೆ ಹೇಳಿ. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ಸಕ್ಕರೆ, ಎಚ್‌ಐವಿ, ಥೈರಾಯ್ಡ್ ಪರೀಕ್ಷೆಗಳು ಬೇಗ ಆದಷ್ಟೂ ಒಳ್ಳೆಯದು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರೇ ಉಚಿತವಾಗಿ ಪರೀಕ್ಷಿಸುತ್ತಾರೆ.

ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದು ತಂದೆಯದು ಪಾಸಿಟಿವ್ ಆಗಿದ್ದರೆ ಅದನ್ನು ಕಾರ್ಡಿನ ಮೇಲೆ ದೊಡ್ಡದಾಗಿ ಬರೆಸಿ. ಸಾಮಾನ್ಯವಾಗಿ 28ನೇ ವಾರದಲ್ಲಿ ಒಮ್ಮೆ, ಮಗುವಿನ ಗುಂಪು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ ಆಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಗರ್ಭಪಾತವಾದರೂ ಇದರ ಬಗ್ಗೆ ಕೇಳಬೇಕು. ತಪ್ಪಿದರೆ ತೊಂದರೆಯಾಗುವುದು ಮುಂದಿನ ಮಗುವಿಗೆ.

ವಾಂತಿ ನಿಲ್ಲುತ್ತಲೇ ಇಲ್ಲ. ಬಯಕೆಯೆಂದು ಸುಮ್ಮನಿರಬಹುದೇ?

ದಿನಕ್ಕೆ ಒಂದೆರಡು ಬಾರಿ ವಾಂತಿಯಾಗಿ, ನಡುವೆ ಏನಾದರೂ ಹೊಟ್ಟೆಯಲ್ಲಿ ನಿಲ್ಲುತ್ತಿದ್ದರೆ ಚಿಂತೆಯಿಲ್ಲ. ಗುಟುಕು ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗಿದ್ದರೆ, ತೂಕ ಇಳಿಯುತ್ತಿದ್ದರೆ ಡ್ರಿಪ್ ಬೇಕಾಗುತ್ತದೆ. ಬಸಿರಿನಲ್ಲಿ ಕೊಡಬಹುದಾದ ಸುರಕ್ಷಿತ ವಾಂತಿ ಮಾತ್ರೆಗಳಿವೆ. ಸಹಿಸಿಕೊಂಡು ಬಳಲಬೇಕಾಗಿಲ್ಲ.

ಕಬ್ಬಿಣಾಂಶದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎನ್ನುತ್ತಾರೆ. ನಿಜವೇ?

ಎರಡೂ ನಿಜವಲ್ಲ. ಕಪ್ಪಾಗುವುದು ತಾಯಿಯ ಮಲ ಮಾತ್ರ. ಅದರಿಂದ ಯಾವ ತೊಂದರೆಯೂ ಇಲ್ಲ. ಈ ಒಂದು ನಂಬಿಕೆಯ ಕಾರಣಕ್ಕೆ ಎಷ್ಟೋ ಮನೆಗಳಲ್ಲಿ ಮಾತ್ರೆಯ ಪಟ್ಟಿಗಳು ದೇವರ ಗೂಡಿನ ಹಿಂದೆಯೋ ಅಕ್ಕಿ ಡಬ್ಬದಲ್ಲೋ ಉಳಿದುಬಿಡುತ್ತವೆ. ಕರ್ನಾಟಕದ ಬಸುರಿಯರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ವರ್ಷ ಮಾತ್ರೆ ಹಂಚಿಯೂ ಈ ಸಂಖ್ಯೆ ಅಲುಗಾಡದಿರುವುದು ನನ್ನನ್ನು ಬಹಳ ಕಾಡುತ್ತದೆ.

ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ಬಸಿರಿನಲ್ಲಿ ರಕ್ತಹೀನತೆ. 7ಕ್ಕಿಂತ ಕಡಿಮೆಯಾದರೆ ತೀವ್ರ. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೆ 12 ಗ್ರಾಂ ಇರುವ ಹೆಣ್ಣುಮಗಳು ಎರಡು ದಿನ ಸುಸ್ತಾಗಿ ಚೇತರಿಸಿಕೊಳ್ಳುತ್ತಾಳೆ. 6 ಗ್ರಾಂ ಇರುವವಳ ಹೃದಯಕ್ಕೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಇಬ್ಬರೂ ಮನೆಗೆಲಸ ಮಾಡಿಕೊಂಡು ಓಡಾಡುತ್ತಿರುತ್ತಾರೆ. ರಕ್ತಹೀನತೆ ನಿಧಾನವಾಗಿ ಬರುವುದರಿಂದ ಮೈ ಅದಕ್ಕೆ ಹೊಂದಿಕೊಂಡಿರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆಬಡಿತ, ಮಣ್ಣು ಅಥವಾ ಹಸಿ ಅಕ್ಕಿ ತಿನ್ನುವ ಆಸೆ ಇವು ಸುಳಿವುಗಳು.

ಸಾಮಾನ್ಯವಾಗಿ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಮಾತ್ರೆಯಂತೆ ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ರಕ್ತಹೀನತೆ ಇದ್ದರೆ ವೈದ್ಯರು ದಿನಕ್ಕೆ ಎರಡು ಹೇಳುತ್ತಾರೆ. ಕಾಫಿ, ಚಹಾದ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ, ನಡುವೆ ಎರಡು ಗಂಟೆಯಾದರೂ ಬಿಡಿ. ನಿಂಬೆ ಪಾನಕ ಅಥವಾ ನೆಲ್ಲಿಕಾಯಿಯ ಜೊತೆ ಚೆನ್ನಾಗಿ ಹಿಡಿಯುತ್ತದೆ. ವಾಕರಿಕೆ ಬಂದರೆ ರಾತ್ರಿ ಊಟದ ನಂತರ ತೆಗೆದುಕೊಳ್ಳಿ. ಮಲಬದ್ಧತೆಯಾದರೆ ಹೇಳಿ, ಬೇರೆ ಬಗೆಯ ಮಾತ್ರೆ ಕೊಡುತ್ತಾರೆ. ಮಾತ್ರೆ ಹಿಡಿಯದಿದ್ದರೆ ನರದ ಮೂಲಕ ಕೊಡುವ ಕಬ್ಬಿಣಾಂಶವೂ ಇದೆ. ರಾಗಿ, ಸೊಪ್ಪು, ಕಾಳು, ಮೊಟ್ಟೆ, ಮಾಂಸ ಎಲ್ಲವೂ ಬೇಕು. ಆದರೆ ಏಳನೇ ತಿಂಗಳಲ್ಲಿ ಹಿಮೋಗ್ಲೋಬಿನ್ 8 ಇರುವವರಿಗೆ ಸೊಪ್ಪು, ಬೀಟ್‌ರೂಟ್ ರಸ ಮಾತ್ರ ಸಾಲುವುದಿಲ್ಲ.

ಪಪ್ಪಾಯಿ? ಕೇಸರಿ ಹಾಲು?

ಹಾಲು ಸುರಿಯುವ ಕಾಯಿ ಪಪ್ಪಾಯಿ ಬೇಡ, ಚೆನ್ನಾಗಿ ಕಳಿತ ಹಣ್ಣನ್ನು ಮಿತವಾಗಿ ತಿಂದರೆ ಅಡ್ಡಿಯಿಲ್ಲ. ಕೇಸರಿಯಿಂದ ಮಗುವಿನ ಬಣ್ಣ ಬದಲಾಗುವುದಿಲ್ಲ. ಆ ದುಡ್ಡಿಗೆ ಮೊಟ್ಟೆ, ಹಾಲು, ಹಣ್ಣು ತನ್ನಿ.

ಕಾಲು ಊದಿಕೊಂಡಿದೆ, ತಲೆನೋವು ಇದೆ. ಹೊಟ್ಟೆ ಭಾರಕ್ಕೆ ಹೀಗಾಗುತ್ತದೆ ಎಂದು ಅತ್ತೆ ಹೇಳುತ್ತಾರೆ.

ಸಂಜೆ ಹೊತ್ತಿಗೆ ಪಾದ ಊದಿ, ರಾತ್ರಿ ಮಲಗಿ ಎದ್ದಾಗ ಇಳಿಯುತ್ತಿದ್ದರೆ ಅತ್ತೆಯವರ ಮಾತು ಸರಿ. ಆದರೆ ಬೆಳಿಗ್ಗೆ ಎದ್ದಾಗಲೇ ಮುಖ ಊದಿದ್ದರೆ, ಸೀಮಂತಕ್ಕೆ ತೊಡಿಸಿದ ಬಳೆ ಕೈಗೆ ಬಿಗಿಯಾಗುತ್ತಿದ್ದರೆ, ಅದರ ಜೊತೆಗೆ ತಲೆನೋವೂ ಇದ್ದರೆ ಅದೇ ದಿನ ರಕ್ತದೊತ್ತಡ ನೋಡಿಸಬೇಕು.

ಐದು ತಿಂಗಳು ತುಂಬಿದ ಮೇಲೆ ರಕ್ತದೊತ್ತಡ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅದು ಪ್ರಿಎಕ್ಲಾಂಪ್ಸಿಯಾ. ಹಳ್ಳಿಗಳಲ್ಲಿ ನಂಜು ಏರಿದೆ ಎನ್ನುತ್ತಾರೆ. ಇದರ ಮೂಲ ಇರುವುದು ಮಾಸಿನಲ್ಲಿ. ಮಾಸಿಗೆ ರಕ್ತ ಹರಿಯುವ ನಾಳಗಳು ಸರಿಯಾಗಿ ಅಗಲವಾಗದೆ, ಅಲ್ಲಿಂದ ತಾಯಿಯ ರಕ್ತಕ್ಕೆ ಸೇರುವ ಅಂಶಗಳು ಅವಳ ರಕ್ತನಾಳ, ಮೂತ್ರಪಿಂಡ, ಯಕೃತ್ತು, ಮಿದುಳಿಗೆ ಹಾನಿ ಮಾಡುತ್ತವೆ. ಚೊಚ್ಚಲ ಬಸಿರು, ಅವಳಿ ಮಕ್ಕಳು, ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆ, ಹಿಂದಿನ ಬಸಿರಿನಲ್ಲಿ ಇದೇ ತೊಂದರೆ, ಇವುಗಳಲ್ಲಿ ಅಪಾಯ ಹೆಚ್ಚು. ಅಂಥವರಿಗೆ ವೈದ್ಯರು ಮೂರನೇ ತಿಂಗಳ ಕೊನೆಯಿಂದಲೇ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುಮಾಡುವುದುಂಟು. ನೀವಾಗಿಯೇ ತೆಗೆದುಕೊಳ್ಳಬೇಡಿ.

ಕಣ್ಣು ಮಂಜಾಗುವುದು, ಕಣ್ಣೆದುರು ಮಿಂಚಿದಂತಾಗುವುದು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಮಾತ್ರೆಗೂ ಬಗ್ಗದ ತಲೆನೋವು: ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಪಕ್ಕೆಯ ನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗಿ ಮಲಗುವುದು ಬಹಳ ಸಾಮಾನ್ಯ, ಬಹಳ ಅಪಾಯಕಾರಿ ಕೂಡ. ಮುಂದಿನ ಹಂತ ಫಿಟ್ಸ್. ಫಿಟ್ಸ್ ಬಂದರೆ ಎಡಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಗೆ ಚಮಚ, ಕಬ್ಬಿಣ, ನೀರು ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಕೊಡುವ ಮ್ಯಾಗ್ನೀಷಿಯಂ ಸಲ್ಫೇಟ್ ಹಳೆಯ, ಅಗ್ಗದ ಔಷಧಿ. ಅದು ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂಬುದು 33 ದೇಶಗಳ ಹತ್ತು ಸಾವಿರ ಬಸುರಿಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಪಷ್ಟವಾಯಿತು.

ಹೆರಿಗೆಯಾದ ಕೂಡಲೇ ಅಪಾಯ ಮುಗಿಯಿತು ಎಂದುಕೊಳ್ಳಬೇಡಿ. ಬಾಣಂತಿಗೂ ಫಿಟ್ಸ್ ಬರಬಹುದು, ಬಸಿರಿನಲ್ಲಿ ಬಿಪಿ ಸರಿಯಾಗಿಯೇ ಇದ್ದವರಿಗೂ ಬರಬಹುದು. ಬಾಣಂತಿಗೆ ತೀವ್ರ ತಲೆನೋವು ಬಂದರೆ ಶೀತ, ಗಾಳಿ, ದೃಷ್ಟಿ ಎನ್ನುವ ಮೊದಲು ಬಿಪಿ ನೋಡಿಸಿ.

ನಮ್ಮ ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ. ನನಗೇಕೆ ಗ್ಲೂಕೋಸ್ ಕುಡಿಸಿ ಪರೀಕ್ಷೆ?

ಬಸಿರಿನ ಹಾರ್ಮೋನುಗಳು ಇನ್ಸುಲಿನ್ ಕೆಲಸವನ್ನು ತಡೆಯುವುದರಿಂದ ಯಾರಿಗೆ ಬೇಕಾದರೂ ಇದು ಬರಬಹುದು. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಹೆಚ್ಚಿನವರಿಗೆ ಊಟದ ಬದಲಾವಣೆ, ನಡಿಗೆ ಸಾಕು. ಕೆಲವರಿಗೆ ಮಾತ್ರೆ ಅಥವಾ ಇನ್ಸುಲಿನ್ ಬೇಕಾಗುತ್ತದೆ. ಮೈಸೂರುಪಾಕು ಬಿಟ್ಟು ಮೂರು ಹೊತ್ತೂ ತಟ್ಟೆ ತುಂಬ ಅನ್ನ ಉಂಡರೆ ಪ್ರಯೋಜನವಿಲ್ಲ. ಅನ್ನ, ಮುದ್ದೆ, ರೊಟ್ಟಿ ಯಾವುದಾದರೂ ಅಳತೆಯಲ್ಲಿರಲಿ, ಜೊತೆಗೆ ಪಲ್ಯ, ಕಾಳು ಹೆಚ್ಚಿರಲಿ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು. ಈ ಪರೀಕ್ಷೆಯನ್ನು ಮರೆಯುವವರೇ ಹೆಚ್ಚು. ಮುಂದೆ ಖಾಯಂ ಮಧುಮೇಹ ಬರುವ ಸಾಧ್ಯತೆ ಇವರಲ್ಲಿ ಉಳಿದವರಿಗಿಂತ ಬಹಳ ಹೆಚ್ಚು.

ರಕ್ತ ಕಾಣಿಸಿಕೊಂಡಿದೆ. ಮಲಗಿ ನೋಡೋಣವೇ?

ಬೇಡ, ಹೊರಡಿ. ಮೊದಲ ತಿಂಗಳುಗಳಲ್ಲಿ ಸ್ವಲ್ಪ ರಕ್ತ ಕಂಡವರಲ್ಲಿ ಅನೇಕರ ಬಸಿರು ಸುಗಮವಾಗಿಯೇ ಮುಂದುವರಿಯುತ್ತದೆ. ಆದರೆ ಒಂದು ಬದಿಯಲ್ಲಿ ಚುಚ್ಚುವ ಹೊಟ್ಟೆನೋವು, ತಲೆಸುತ್ತು, ಭುಜದ ತುದಿಯ ನೋವು ಜೊತೆಗಿದ್ದರೆ ಗರ್ಭ ನಾಳದಲ್ಲಿ ಕಟ್ಟಿರಬಹುದು. ನಾಳ ಒಡೆದರೆ ರಕ್ತವೆಲ್ಲ ಹೊಟ್ಟೆಯೊಳಗೇ ತುಂಬುತ್ತದೆ, ಹೊರಗೆ ಹೆಚ್ಚು ಕಾಣುವುದಿಲ್ಲ. ಕೊನೆಯ ತಿಂಗಳುಗಳಲ್ಲಿ ನೋವಿಲ್ಲದೆ ರಕ್ತ ಹೋದರೆ ಮಾಸು ಗರ್ಭದ ಬಾಯಿಗೆ ಅಡ್ಡವಾಗಿರಬಹುದು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ನೋವಿದ್ದರೆ ಮಾಸು ಮೊದಲೇ ಬಿಟ್ಟುಕೊಂಡಿರಬಹುದು. ರಕ್ತನಿಧಿ ಮತ್ತು ಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೇ ಹೋಗಬೇಕು.

ಮಗುವಿನ ಅಲುಗಾಟ ಕಡಿಮೆಯಾಗಿದೆ ಅನ್ನಿಸುತ್ತಿದೆ. ದಿನ ಹತ್ತಿರ ಬಂದಾಗ ಹಾಗಾಗುತ್ತದಂತೆ?

ಇಲ್ಲ. ಒದೆತದ ಬಗೆ ಬದಲಾಗಬಹುದು, ಆದರೆ ಅಲುಗಾಟ ಕಡಿಮೆಯಾಗಬಾರದು. ನಿಮ್ಮ ಮಗು ದಿನವೂ ಹೇಗೆ ಅಲುಗಾಡುತ್ತದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಅದಕ್ಕಿಂತ ಕಡಿಮೆಯೆನಿಸಿದರೆ ಅದೇ ಹೊತ್ತಿಗೆ ಹೋಗಿ ಮಗುವಿನ ಎದೆಬಡಿತ ಕೇಳಿಸಿ. ಎಲ್ಲ ಸರಿ ಇದೆ ಎಂದು ಕಳುಹಿಸಿದ ಮರುದಿನ ಮತ್ತೆ ಹಾಗೆಯೇ ಅನ್ನಿಸಿದರೆ ಮತ್ತೆ ಹೋಗಿ. ನಾಚಿಕೆಪಡಬೇಡಿ.

ಅಂಗೈ, ಅಂಗಾಲು ತುರಿಸುತ್ತವೆ.

ಗುಳ್ಳೆಗಳಿಲ್ಲದೆ, ರಾತ್ರಿ ಹೆಚ್ಚಾಗುವ ತುರಿಕೆ ಇದ್ದರೆ ಯಕೃತ್ತಿನ ತೊಂದರೆಯಿಂದ ಪಿತ್ತರಸ ರಕ್ತಕ್ಕೆ ಸೇರುತ್ತಿರಬಹುದು. ಮಗುವಿಗೆ ಅಪಾಯವಾಗುವ ಸಾಧ್ಯತೆ ಇರುವುದರಿಂದ ರಕ್ತ ಪರೀಕ್ಷೆ ಬೇಕು.

ಹೆರಿಗೆಗೆ ತವರಿಗೆ ಹೋಗುತ್ತಿದ್ದೇನೆ. ಏನು ಗಮನಿಸಬೇಕು?

ಎಷ್ಟೋ ತೊಂದರೆಗಳು ಈ ಪ್ರಯಾಣದಲ್ಲೇ ಶುರುವಾಗುತ್ತವೆ. ಆರೇಳು ತಿಂಗಳು ಒಂದು ಕಡೆ ತೋರಿಸಿಕೊಂಡವಳು ಏಳು ಅಥವಾ ಒಂಬತ್ತನೇ ತಿಂಗಳಲ್ಲಿ ಬೇರೆ ಜಿಲ್ಲೆಗೆ ಹೋಗುತ್ತಾಳೆ. ಇಲ್ಲಿನ ಆಶಾ ಹೆಸರು ಬಿಟ್ಟುಬಿಡುತ್ತಾರೆ, ಅಲ್ಲಿನ ಆಶಾಗೆ ಸುದ್ದಿಯೇ ಇರುವುದಿಲ್ಲ. ನೋವು ಬಂದ ರಾತ್ರಿ ಹೊಸ ಆಸ್ಪತ್ರೆಯಲ್ಲಿ ಅವಳ ಬಿಪಿ, ಹಿಮೋಗ್ಲೋಬಿನ್, ಹಿಂದಿನ ಸಿಸೇರಿಯನ್ ಯಾವುದೂ ಯಾರಿಗೂ ಗೊತ್ತಿರುವುದಿಲ್ಲ. ಹೋಗುವ ಮುಂಚೆ ಇಬ್ಬರು ಆಶಾ ಕಾರ್ಯಕರ್ತೆಯರಿಗೂ ತಿಳಿಸಿ. ತಾಯಿ ಕಾರ್ಡ್ ಮತ್ತು ಎಲ್ಲ ವರದಿಗಳ ಚಿತ್ರ ನಿಮ್ಮ, ಗಂಡನ, ತಾಯಿಯ ಮೊಬೈಲಿನಲ್ಲಿರಲಿ. ತವರಿಗೆ ಹೋದ ಮೊದಲ ವಾರದಲ್ಲೇ ಅಲ್ಲಿನ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ. ಅಪಾಯದ ಬಸಿರು ಎಂದು ಕಾರ್ಡಿನಲ್ಲಿ ಬರೆದಿದ್ದರೆ, ತವರಿನ ಊರಿನಿಂದ ದೊಡ್ಡಾಸ್ಪತ್ರೆ ಎಷ್ಟು ದೂರ ಎಂದು ನೋಡಿ ಹೆರಿಗೆ ಎಲ್ಲಿ ಎಂದು ತೀರ್ಮಾನಿಸಿ.

ಸಿಸೇರಿಯನ್ ಬೇಕೇಬೇಕೇ ಎಂದು ವೈದ್ಯರನ್ನು ಕೇಳಬಹುದೇ?

ಕೇಳಬಹುದು, ಕೇಳಬೇಕು. ಕರ್ನಾಟಕದಲ್ಲಿ ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಶೇ 23.6 ಇದ್ದ ಸಿಸೇರಿಯನ್ ಐದನೆಯದರಲ್ಲಿ 31.5ಕ್ಕೆ ಏರಿದೆ. ಕಾರಣವೇನು, ಕಾದರೆ ಏನಾಗಬಹುದು, ಎಷ್ಟು ಹೊತ್ತು ಕಾಯಬಹುದು ಎಂಬ ಮೂರು ಪ್ರಶ್ನೆ ಸಾಕು. ಮಗುವಿನ ಎದೆಬಡಿತ ಕುಸಿದಿದ್ದರೆ, ಮಾಸು ಅಡ್ಡವಿದ್ದರೆ, ಮಗು ಅಡ್ಡಲಾಗಿ ಮಲಗಿದ್ದರೆ ಸಿಸೇರಿಯನ್ ಜೀವ ಉಳಿಸುತ್ತದೆ. ಆಗ ಮನೆಯ ಹಿರಿಯರು ಬರಲಿ ಎಂದು ಸಹಿ ಹಾಕಲು ತಡಮಾಡಬೇಡಿ. ಒಳ್ಳೆಯ ನಕ್ಷತ್ರಕ್ಕಾಗಿ ಮೊದಲೇ ದಿನ ಗೊತ್ತುಮಾಡಿ ಮಗುವನ್ನು ತೆಗೆಸುವುದು ಮಾತ್ರ ತಪ್ಪು: 39 ವಾರ ತುಂಬುವ ಮುನ್ನ ಕಾರಣವಿಲ್ಲದೆ ಹೊರತೆಗೆದ ಮಗುವಿಗೆ ಉಸಿರಾಟದ ತೊಂದರೆಯಾಗುವ ಸಾಧ್ಯತೆ ಹೆಚ್ಚು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿತ್ತು. ಅದರ ನಂತರ ಸರ್ಕಾರ ತಾಯಂದಿರ ಸಾವುಗಳ ಪರಿಶೋಧನೆ ನಡೆಸಿತು. ಬಹುಪಾಲು ಸಾವುಗಳನ್ನು ತಪ್ಪಿಸಬಹುದಿತ್ತು ಎಂಬುದು ಅದರಲ್ಲಿ ಹೊರಬಂತು. ಆದ್ದರಿಂದ ಪ್ರಶ್ನೆ ಕೇಳುವುದನ್ನು ಯಾರೂ ಉದ್ಧಟತನ ಎನ್ನಬಾರದು.

ಹೆರಿಗೆಯ ನಂತರ ಎಷ್ಟು ರಕ್ತ ಹೋದರೆ ಸಹಜ?

ಮೊದಲ ದಿನಗಳಲ್ಲಿ ಮುಟ್ಟಿಗಿಂತ ಹೆಚ್ಚು, ಆಮೇಲೆ ನಿಧಾನವಾಗಿ ಕಡಿಮೆಯಾಗಿ ಕಂದು, ಹಳದಿ ಬಣ್ಣಕ್ಕೆ ತಿರುಗುತ್ತದೆ. ಒಂದು ಗಂಟೆಯೊಳಗೆ ಒಂದು ದೊಡ್ಡ ಪ್ಯಾಡ್ ಪೂರ್ತಿ ನೆನೆದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಕಣ್ಣು ಕತ್ತಲೆ ಬಂದರೆ ತುರ್ತು. ಕೆಟ್ಟ ರಕ್ತ ಹೋಗಲಿ ಬಿಡಿ ಎನ್ನುವ ಮಾತಿಗೆ ಕಿವಿಗೊಡಬೇಡಿ. ಹೋಗುತ್ತಿರುವುದು ಅವಳ ಮೈಯ ರಕ್ತವೇ.

ಮಗು ಹೊರಬಂದ ಕೂಡಲೇ ಗರ್ಭಕೋಶ ಬಿಗಿಯಾಗಬೇಕು. ಅದಕ್ಕೆಂದೇ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಚುಚ್ಚುಮದ್ದು ಕೊಡಲಾಗದ ಕಡೆ ಮಿಸೊಪ್ರೊಸ್ಟಾಲ್ ಮಾತ್ರೆಯೂ ಕೆಲಸ ಮಾಡುತ್ತದೆ ಎಂದು ತೋರಿಸಿದ ಮಹತ್ವದ ಅಧ್ಯಯನ ನಡೆದದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, 1,620 ತಾಯಂದಿರ ನೆರವಿನಿಂದ. ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. ಆ ಮಾತ್ರೆ ಕೊಟ್ಟವರು ಹಳ್ಳಿಯ ಸಹಾಯಕ ದಾದಿಯರು. 2006ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಜಗತ್ತಿನ ಬೇರೆ ಕಡೆಯ ತಾಯಂದಿರಿಗೂ ಪ್ರಯೋಜನವಾಗಿದೆ. ಇದರ ಬಗ್ಗೆ ನನಗೆ ಹೆಮ್ಮೆಯಿದೆ.

ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲೇ ಇರಿ. ಮನೆಯಲ್ಲಿ ಕೆಲಸವಿದೆ ಎಂದು ಮರುದಿನವೇ ಕರೆದೊಯ್ಯಬೇಡಿ.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ, ಹಣ್ಣು ತರಕಾರಿ ಕೊಟ್ಟರೆ ಮಗುವಿಗೆ ಶೀತವಾಗುತ್ತದೆ. ಹಿರಿಯರ ಮಾತನ್ನು ಮೀರುವುದು ಹೇಗೆ?

ನಮ್ಮ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ಹೆಣ್ಣುಮಗಳಿಗೆ ತಿಂಗಳುಗಟ್ಟಲೆ ವಿಶ್ರಾಂತಿ, ಎಣ್ಣೆ ನೀರು, ಹೊತ್ತುಹೊತ್ತಿಗೆ ಬಿಸಿ ಊಟ, ಮಗುವನ್ನು ಎತ್ತಿಕೊಳ್ಳಲು ಹತ್ತು ಕೈ. ಅಳವಿ ಪಾಯಸ, ಅಂಟಿನ ಉಂಡೆ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ತುಪ್ಪ ಯಾವುದನ್ನೂ ಬಿಡಬೇಕಾಗಿಲ್ಲ. ಬಿಡಬೇಕಾದ್ದು ಕೆಲವೇ ಕೆಲವು, ಆದರೆ ಅವುಗಳ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು.

ನೀರು ಮೊದಲನೆಯದು. ಹಾಲೂಡುವ ತಾಯಿಗೆ ಮೊದಲಿಗಿಂತ ಹೆಚ್ಚು ನೀರು ಬೇಕು. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು, ಹೊಲಿಗೆಯ ಮೇಲೆ ಒತ್ತಡ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ನೀರೂ ಕುಡಿಯದೆ ಅಲುಗಾಡದೆ ಮಲಗಿದರೆ ಕಾಲಿನ ಅಥವಾ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ, ಉಸಿರು ಸಿಕ್ಕಿಕೊಂಡಂತಾದರೆ ತಕ್ಷಣ ಆಸ್ಪತ್ರೆ. ತಣ್ಣೀರು ಬೇಡವೆಂದರೆ ಜೀರಿಗೆ ಹಾಕಿ ಕುದಿಸಿದ ಬಿಸಿನೀರು ಕೊಡಿ. ಹಿರಿಯರೂ ಒಪ್ಪುತ್ತಾರೆ.

ಎರಡನೆಯದು ಪಥ್ಯ. ಬಿಳಿ ಅನ್ನ, ತಿಳಿಸಾರು ಮಾತ್ರ ತಿಂಗಳುಗಟ್ಟಲೆ ಉಂಡರೆ ತಾಯಿಗೆ ಬಿ1 ಜೀವಸತ್ವ ಕಡಿಮೆಯಾಗಿ ಕಾಲು ಜೋಮು ಹಿಡಿಯುತ್ತದೆ. ಅವಳ ಹಾಲಿನಲ್ಲೂ ಅದು ಕಡಿಮೆಯಾಗಿ ಎಳೆಮಗುವಿಗೆ ಬೆರಿಬೆರಿ ಬರಬಹುದು. ಗುಂಡುಗುಂಡಾಗಿದ್ದ ಎರಡು ಮೂರು ತಿಂಗಳ ಮಗುವಿನ ದನಿ ಇದ್ದಕ್ಕಿದ್ದಂತೆ ಒಡೆದು, ಹಾಲು ಬಿಟ್ಟು, ಏದುಸಿರು ಬಿಡತೊಡಗುವುದು ಇದರ ಲಕ್ಷಣ. ಬೇಳೆ, ಕಾಳು, ಮೊಟ್ಟೆ, ತರಕಾರಿ ಮೊದಲ ದಿನದಿಂದಲೇ ಇರಲಿ.

ಮೂರನೆಯದು ಮುಚ್ಚಿದ ಕೋಣೆಯ ಕೆಂಡ. ಹೊಗೆ ಕಾಣದಿದ್ದರೂ ಕೆಂಡದಿಂದ ಹೊರಡುವ ವಿಷಾನಿಲ ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತು ತರಬಹುದು. ಕಿಟಕಿ ತೆರೆದಿರಲಿ.

ಬಾಣಂತಿಗೆ ಜ್ವರ ಬಂದಿದೆ. ಹಾಲು ಇಳಿಯುವ ಜ್ವರವೇ?

100.4 ಡಿಗ್ರಿ ಮುಟ್ಟಿದರೆ ಹಾಗೆಂದುಕೊಂಡು ಕೂರಬೇಡಿ. ಸ್ರಾವಕ್ಕೆ ದುರ್ವಾಸನೆ, ಕೆಳಹೊಟ್ಟೆ ನೋವು, ಚಳಿ, ತೊದಲು ಮಾತು ಇದ್ದರೆ ಸೋಂಕು ರಕ್ತಕ್ಕೆ ಸೇರಿರಬಹುದು. ಆಗ ಗಂಟೆಗಳೂ ಮುಖ್ಯ. ಸ್ತನದ ಒಂದು ಭಾಗ ಕೆಂಪಾಗಿ ಗಟ್ಟಿಯಾಗಿ ನೋಯುತ್ತಿದ್ದರೆ ಅದು ಸ್ತನದ ಉರಿಯೂತ. ಚಿಕಿತ್ಸೆ ಪಡೆಯುತ್ತಲೇ ಆ ಕಡೆಯಿಂದಲೂ ಹಾಲೂಡುವುದನ್ನು ಮುಂದುವರಿಸಿ.

ಹಾಲು ಸಾಲುತ್ತಿಲ್ಲ. ಡಬ್ಬದ ಹಾಲು ಶುರುಮಾಡಲೇ?

ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಮೊದಲ ಎರಡು ಮೂರು ದಿನ ಬರುವ ಹಳದಿ ಗಿಣ್ಣು ಹಾಲು ಚಮಚದಷ್ಟೇ ಇರುತ್ತದೆ, ಮಗುವಿನ ಹೊಟ್ಟೆಗೂ ಅಷ್ಟೇ ಬೇಕು. ಅದನ್ನು ಹಿಂಡಿ ಚೆಲ್ಲಬೇಡಿ. ಜೇನು, ಸಕ್ಕರೆ ನೀರು, ಬಜೆ ತೇಯ್ದು ನೆಕ್ಕಿಸುವುದು ಬೇಡ. ಮೊಲೆತೊಟ್ಟು ಸೀಳಿದ್ದರೆ ಮಗು ಬಾಯಿ ಹಿಡಿಯುವ ರೀತಿ ತಪ್ಪಿದೆ ಎಂದರ್ಥ: ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗಿರಬೇಕು. ಹಾಗೆ ಹಿಡಿಸಲು ಆಶಾ ಅಥವಾ ದಾದಿ ಕಲಿಸುತ್ತಾರೆ.

ಮಗುವಿಗೆ ಕಾಮಾಲೆ. ಬಿಸಿಲಿಗೆ ಹಿಡಿದರೆ ಹೋಗುತ್ತದೆಯೇ?

ಅದನ್ನು ನಂಬಿ ಕೂರಬೇಡಿ. ಹುಟ್ಟಿದ 24 ಗಂಟೆಯೊಳಗೆ ಹಳದಿಯಾದರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಹಾಲು ಬಿಟ್ಟು ಮಂಕಾದರೆ ಆಸ್ಪತ್ರೆಯ ನೀಲಿ ಬೆಳಕೇ ಬೇಕು.

ಮಗು ಆರೋಗ್ಯವಾಗಿದೆ, ಮನೆಯವರೆಲ್ಲ ಸಂತೋಷವಾಗಿದ್ದಾರೆ. ನನಗೆ ಮಾತ್ರ ಅಳು ಬರುತ್ತದೆ. ನಾನು ಕೆಟ್ಟ ತಾಯಿಯೇ?

ಖಂಡಿತ ಅಲ್ಲ. ಹೆರಿಗೆಯಾದ ಮೂರು ನಾಲ್ಕನೇ ದಿನದಿಂದ ಸುಮ್ಮಸುಮ್ಮನೆ ಅಳು, ಕಿರಿಕಿರಿ ಬರುವುದು ಬಹುಪಾಲು ತಾಯಂದಿರ ಅನುಭವ. ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿಯೂ ಉಳಿದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವನ್ನು ಕಂಡರೆ ಏನೂ ಅನ್ನಿಸದಿದ್ದರೆ, ಸತ್ತುಹೋದರೆ ಸಾಕು ಎನ್ನಿಸಿದರೆ ಅದು ಪ್ರಸವಾನಂತರದ ಖಿನ್ನತೆ. ಇದು ರಕ್ತಹೀನತೆಯಂತೆಯೇ ಒಂದು ಕಾಯಿಲೆ, ಚಿಕಿತ್ಸೆಯಿಂದ ಗುಣವಾಗುತ್ತದೆ. ಹಾಲೂಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಹೆಣ್ಣುಮಗು ಹುಟ್ಟಿತೆಂಬ ಚುಚ್ಚುಮಾತು, ಗಂಡನ ಹೊಡೆತ ಅಥವಾ ಕುಡಿತ, ನಿದ್ದೆಗೇಡು ಇದನ್ನು ಹೆಚ್ಚಿಸುತ್ತವೆ. ಮನೆಯವರು ಮಾಡಬಹುದಾದ ಮೊದಲ ಕೆಲಸ, ರಾತ್ರಿ ಮಗುವನ್ನು ಸ್ವಲ್ಪ ಹೊತ್ತು ನೋಡಿಕೊಂಡು ಅವಳಿಗೆ ಸತತ ನಾಲ್ಕೈದು ಗಂಟೆ ನಿದ್ದೆ ಕೊಡುವುದು.

ಸಾವಿರದಲ್ಲಿ ಒಬ್ಬಿಬ್ಬರಿಗೆ ಇನ್ನೂ ತೀವ್ರವಾದದ್ದು ಬರುತ್ತದೆ. ಮೊದಲ ಎರಡು ವಾರಗಳಲ್ಲೇ ನಿದ್ದೆ ಪೂರ್ತಿ ಹೋಗಿ, ಇಲ್ಲದ ದನಿಗಳು ಕೇಳಿಸಿ, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಹುಟ್ಟುತ್ತದೆ. ಬಾಣಂತಿ ಸನ್ನಿ, ಮೈಮೇಲೆ ಬಂದಿದೆ ಎಂದು ದೇವಸ್ಥಾನ, ದರ್ಗಾ ಸುತ್ತುವುದರಲ್ಲಿ ದಿನ ಕಳೆಯಬೇಡಿ. ಹರಕೆ ಆಮೇಲೆ ತೀರಿಸಬಹುದು. ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅದೇ ದಿನ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನಿಂದ ಬೇರ್ಪಡಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕವಿದೆ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಟೆಲಿ ಮನಸ್, 14416. ಹಗಲು ರಾತ್ರಿ ಉಚಿತ.

ಕೆಮ್ಮಿದರೆ, ನಕ್ಕರೆ ಮೂತ್ರ ಹೋಗುತ್ತದೆ. ಯಾರಿಗೆ ಹೇಳುವುದು?

ವೈದ್ಯರಿಗೆ, ಆರು ವಾರದ ತಪಾಸಣೆಯಲ್ಲಿ. ಮೂತ್ರ ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುಗಳನ್ನು ದಿನಕ್ಕೆ ಮೂರು ಹೊತ್ತು, ಹತ್ತು ಹತ್ತು ಬಾರಿ ಬಿಗಿಹಿಡಿದು ಬಿಡುವ ವ್ಯಾಯಾಮದಿಂದ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ಮೂತ್ರ ಸದಾ ಸೋರುತ್ತಿದ್ದರೆ, ಮಲ ಹಿಡಿತಕ್ಕೆ ಸಿಗದಿದ್ದರೆ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಹೆಣ್ಣುಮಕ್ಕಳು ಇದನ್ನು ಬಚ್ಚಿಟ್ಟುಕೊಂಡು ಮದುವೆ, ಜಾತ್ರೆಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಹಾಗೆ ಬದುಕಬೇಕಾಗಿಲ್ಲ.

ಮಗು ಉಳಿಯಲಿಲ್ಲ. ಈಗ ಹಾಲು ಬರುತ್ತಿದೆ.

ಈ ನೋವಿನ ಬಗ್ಗೆ ಮೊದಲೇ ಯಾರೂ ಹೇಳಿರುವುದಿಲ್ಲ. ಬಿಗಿಯಾದ ಒಳಉಡುಪು ಧರಿಸಿ, ತಣ್ಣನೆಯ ಬಟ್ಟೆ ಇಡಿ. ತೀರಾ ನೋವಾದರೆ ಹಗುರಾಗುವಷ್ಟು ಮಾತ್ರ ಹಿಂಡಿ ತೆಗೆಯಿರಿ. ಕೆಲವು ದಿನಗಳಲ್ಲಿ ಇಳಿಯುತ್ತದೆ. ಬೇಗ ನಿಲ್ಲಿಸಲು ಮಾತ್ರೆಯೂ ಇದೆ, ವೈದ್ಯರನ್ನು ಕೇಳಿ. ಮಗು ಇಲ್ಲದಿದ್ದರೂ ಅವಳು ಬಾಣಂತಿಯೇ. ರಕ್ತಸ್ರಾವ, ಬಿಪಿ, ಸೋಂಕಿನ ಅಪಾಯ ಅಷ್ಟೇ ಇದೆ, ಆರೈಕೆಯೂ ಅಷ್ಟೇ ಬೇಕು. ಮಗುವಿನ ಮುಖ ನೋಡಬೇಕು ಎಂದು ಅವಳು ಕೇಳಿದರೆ ತಡೆಯಬೇಡಿ. ಇನ್ನೊಂದು ಆಗುತ್ತದೆ ಬಿಡು ಎಂಬ ಸಮಾಧಾನ ಬೇಡ. ಕಾನೂನಿನ ಹೆರಿಗೆ ಸೌಲಭ್ಯ ಅನ್ವಯಿಸುವ ಕೆಲಸದಲ್ಲಿದ್ದರೆ ಗರ್ಭಪಾತಕ್ಕೂ ಆರು ವಾರ ಸಂಬಳಸಹಿತ ರಜೆ ಇದೆ.

ಮುಟ್ಟು ಇನ್ನೂ ಬಂದಿಲ್ಲ. ಮತ್ತೆ ಬಸಿರಾಗಬಹುದೇ?

ಆಗಬಹುದು. ಅಂಡ ಮೊದಲು ಬಿಡುಗಡೆಯಾಗುತ್ತದೆ, ಮುಟ್ಟು ಬರುವುದು ಆಮೇಲೆ. ಎದೆಹಾಲು ಮಾತ್ರ ಕೊಡುತ್ತಿದ್ದು, ಮಗುವಿಗೆ ಆರು ತಿಂಗಳಾಗದೆ, ಮುಟ್ಟೂ ಬಾರದಿದ್ದರೆ ಸಾಧ್ಯತೆ ತೀರಾ ಕಡಿಮೆ. ಈ ಮೂರರಲ್ಲಿ ಒಂದು ತಪ್ಪಿದರೂ ರಕ್ಷಣೆ ಇಲ್ಲ. ಹೆರಿಗೆಯಾಗಿ ಎರಡು ವರ್ಷ ಅಂತರವಿರಲಿ. ಅದರಲ್ಲೂ ಸಿಸೇರಿಯನ್ ಆದವರು ಆಸ್ಪತ್ರೆ ಬಿಡುವ ಮೊದಲೇ ಕಾಪರ್-ಟಿ ಅಥವಾ ಬೇರೆ ವಿಧಾನದ ಬಗ್ಗೆ ಗಂಡನನ್ನು ಜೊತೆಗೆ ಕೂರಿಸಿಕೊಂಡು ಕೇಳಿ.

ದುಡ್ಡಿಲ್ಲ, ಗಾಡಿಯಿಲ್ಲ, ಮನೆಯಲ್ಲಿ ಯಾರೂ ನನ್ನ ಮಾತು ಕೇಳುತ್ತಿಲ್ಲ. ಏನು ಮಾಡಲಿ?

108ಕ್ಕೆ ನೀವೇ ಕರೆ ಮಾಡಬಹುದು, ಯಾರ ಒಪ್ಪಿಗೆಯೂ ಬೇಕಾಗಿಲ್ಲ. ಆಶಾಗೆ ಫೋನ್ ಮಾಡಿ, ಇಲ್ಲವೇ ಪಕ್ಕದ ಮನೆಯವರಿಂದ ಮಾಡಿಸಿ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಯಾರಾದರೂ ದುಡ್ಡು ಕೇಳಿದರೆ ಆಸ್ಪತ್ರೆಯ ಆಡಳಿತಾಧಿಕಾರಿಗೆ ಅಥವಾ 104 ಸಹಾಯವಾಣಿಗೆ ದೂರು ಕೊಡಿ. ಆಸ್ಪತ್ರೆಗೆ ಹೋದಾಗ ಕಾವಲಿನವರಿಂದ ಹಿಡಿದು ವೈದ್ಯರವರೆಗೆ ಮೊದಲು ಸಿಕ್ಕವರಿಗೆ, ಎಷ್ಟು ತಿಂಗಳು, ಏನಾಗುತ್ತಿದೆ, ಯಾವಾಗಿನಿಂದ ಎಂಬುದನ್ನು ಇದೇ ಕ್ರಮದಲ್ಲಿ ಹೇಳಿ. ತಾಯಿ ಕಾರ್ಡ್ ಕೈಯಲ್ಲಿರಲಿ.